ಗರಗಸ ಮತ್ತು ಡಸ್ಟ್ ಕಲೆಕ್ಟರ್: ಎರಡನ್ನೂ ಸುರಕ್ಷಿತವಾಗಿ ಒಟ್ಟಿಗೆ ನಡೆಸುವ ಸಮಗ್ರ ಮಾರ್ಗದರ್ಶಿ

ಕೊಪ್ಪಳ, ಗಂಗಾವತಿ, ಕಾರಟಗಿ, ಸಿಂಧನೂರಿನ ಬಡಿಗತನದ ಶೆಡ್‌ಗಳಲ್ಲಿ ಮೇಲಿಂದ ಮೇಲೆ ಕಾಣುವ ತಪ್ಪು ಒಂದೇ ಬಗೆಯದು. ಗರಗಸಕ್ಕೊಮ್ಮೆ, ಅದರ ಹೊಟ್ಟು ಮತ್ತು ಧೂಳನ್ನು ಚೀಲಕ್ಕೆ ಎಳೆಯುವ ಡಸ್ಟ್ ಕಲೆಕ್ಟರ್‌ಗೊಮ್ಮೆ ಸ್ವಿಚ್ ಒತ್ತುವುದು ಬೇಸರವೆನಿಸಿ, ಎರಡರ ಪ್ಲಗ್‌ಗಳನ್ನೂ ಒಂದೇ ಎಕ್ಸ್‌ಟೆನ್ಷನ್ ಬೋರ್ಡಿಗೆ ಸಿಕ್ಕಿಸುತ್ತಾರೆ. ಯಂತ್ರಗಳ ಸ್ವಂತ ಸ್ವಿಚ್‌ಗಳನ್ನು ಆನ್ ಸ್ಥಿತಿಯಲ್ಲೇ ಬಿಟ್ಟು, ಗೋಡೆಯ ಒಂದು ಸ್ವಿಚ್‌ನಿಂದ ಎರಡನ್ನೂ ಓಡಿಸುತ್ತಾರೆ. ಕೈಗರಗಸವನ್ನು ಮೇಜಿನಡಿ ತಲೆಕೆಳಗಾಗಿ ಬಿಗಿದಿರುವ ಕಡೆಗಳಲ್ಲಿ ಅದರ ಟ್ರಿಗರನ್ನು ತಂತಿಯಿಂದ ಕಟ್ಟಿಯೇ ಇಟ್ಟಿರುತ್ತಾರೆ.

ನನ್ನ ಶೆಡ್‌ನಲ್ಲಿಯೂ ಮೊದಲು ಇದೇ ವ್ಯವಸ್ಥೆ ಇತ್ತು. ಒಂದು ಮಧ್ಯಾಹ್ನ ಕರೆಂಟ್ ಹೋಗಿದ್ದಾಗ ಸಹಾಯಕನೊಬ್ಬನು ಬ್ಲೇಡಿನ ಸುತ್ತಲಿನ ಹೊಟ್ಟನ್ನು ಬ್ರಷ್‌ನಿಂದ ಬಳಿಯುತ್ತಿದ್ದನು. ಕರೆಂಟ್ ಮರಳಿದ ಕ್ಷಣವೇ ಬ್ಲೇಡ್ ತಿರುಗಿ ಬ್ರಷ್ ತುಂಡಾಯಿತು. ಅವನ ಬೆರಳುಗಳಿಗೂ ಬ್ಲೇಡಿಗೂ ನಡುವೆ ಉಳಿದಿದ್ದದ್ದು ಆ ಬ್ರಷ್‌ನ ಹಿಡಿಯಷ್ಟೇ. ಆ ಬೋರ್ಡನ್ನು ಅಂದೇ ಕಿತ್ತು ಹಾಕಿದೆ. ಅದರ ಜಾಗದಲ್ಲಿ ಕಟ್ಟಿಕೊಂಡ ವ್ಯವಸ್ಥೆಯನ್ನೇ ಇಲ್ಲಿ ಹಂತ ಹಂತವಾಗಿ ವಿವರಿಸಿದ್ದೇನೆ. ಹಂತಗಳ ಕ್ರಮವನ್ನು ಬದಲಿಸಬೇಡಿ. ಲೆಕ್ಕ ಹಾಕುವ ಮೊದಲೇ ಸಾಮಾನು ಕೊಂಡವರು ಎರಡು ಸಲ ಹಣ ಕಳೆದುಕೊಂಡಿರುವುದನ್ನು ನೋಡಿದ್ದೇನೆ.

## 1. ಯಾವ ಯಂತ್ರ ಯಾವುದರ ಮಾತು ಕೇಳಬೇಕೆಂಬುದನ್ನು ಮೊದಲು ತೀರ್ಮಾನಿಸಿ

ಡಸ್ಟ್ ಕಲೆಕ್ಟರ್ ತಾನಾಗಿ ಶುರುವಾಗಬಹುದು, ಆದರೆ ಗರಗಸ ಎಂದಿಗೂ ತಾನಾಗಿ ಶುರುವಾಗಬಾರದು. ಮುಂದಿನ ಎಲ್ಲ ಹಂತಗಳೂ ಈ ಒಂದು ನಿಯಮದ ಮೇಲೆ ನಿಂತಿವೆ. ಗರಗಸದ ಮುಂದೆ ನಿಂತವನು, ಗರಗಸದ ಮೇಲೆಯೇ ಇರುವ ಹಸಿರು ಬಟನ್ ಒತ್ತಿದಾಗ ಮಾತ್ರ ಅದು ತಿರುಗಬೇಕು. ಅದು ತಿರುಗಿದ್ದನ್ನು ಕಂಡು ಡಸ್ಟ್ ಕಲೆಕ್ಟರ್ ಹಿಂಬಾಲಿಸಬೇಕು. ಕರೆಂಟ್ ಹೋಗಿ ಬಂದರೆ ಎರಡೂ ಸುಮ್ಮನೆ ನಿಂತಿರಬೇಕು.

ಭತ್ತದ ಸೀಮೆಯ ಓದುಗರಿಗೆ ಇಲ್ಲೊಂದು ವಿಶೇಷ ಎಚ್ಚರಿಕೆ ಅಗತ್ಯ. ನಮ್ಮ ಭಾಗದಲ್ಲಿ ಪಂಪ್‌ಸೆಟ್ಟಿನ ಸ್ಟಾರ್ಟರ್ ಡಬ್ಬಿ ಎಲ್ಲರಿಗೂ ಪರಿಚಿತ, ಮತ್ತು ಗರಗಸಕ್ಕೆ ಬೇಕಾದದ್ದೂ ಅದೇ ಜಾತಿಯ ಸ್ಟಾರ್ಟರ್. ಆದರೆ ಹೊಲದ ಡಬ್ಬಿಯಲ್ಲಿ ಕರೆಂಟ್ ಬಂದೊಡನೆ ಮೋಟರನ್ನು ತಾನೇ ಓಡಿಸುವ ಆಟೋ ಸ್ಟಾರ್ಟರ್ ಜೋಡಿಸಿರುತ್ತಾರೆ. ರಾತ್ರಿ ನೀರು ಹಾಯಿಸುವವನಿಗೆ ಅದು ವರ, ಗರಗಸದ ಮುಂದೆ ನಿಂತವನಿಗೆ ಕೈ ಕಳೆಯುವ ಸಾಧನ. ಹಳೆಯ ಪಂಪ್‌ಸೆಟ್ ಡಬ್ಬಿಯನ್ನು ಶೆಡ್ಡಿಗೆ ತರುವುದಾದರೆ ಆಟೋ ಸ್ಟಾರ್ಟರನ್ನು ಪೂರ್ತಿಯಾಗಿ ಬಿಚ್ಚಿ ತೆಗೆಯಿರಿ. ಅದರ ಸ್ವಿಚ್ಚನ್ನು ಆಫ್ ಮಾಡಿದರೆ ಸಾಲದು, ಯಾರೋ ಒಂದು ದಿನ ಆನ್ ಮಾಡುತ್ತಾರೆ.

## 2. ಆಂಪಿಯರ್ ಲೆಕ್ಕ

ಎರಡೂ ಮೋಟರುಗಳ ನಾಮಫಲಕದಲ್ಲಿ ಬರೆದಿರುವ ಆಂಪಿಯರನ್ನು ಬರೆದುಕೊಳ್ಳಿ. ಒಂದು ಎಚ್‌ಪಿ ಎಂದರೆ 746 ವ್ಯಾಟ್, ಆದರೆ ಅದು ಮೋಟರ್ ಕೊಡುವ ಕೆಲಸದ ಅಳತೆ. ಎಳೆಯುವ ಕರೆಂಟ್ ಅದಕ್ಕಿಂತ ಹೆಚ್ಚಿರುತ್ತದೆ. 230 ವೋಲ್ಟ್ ಸಿಂಗಲ್ ಫೇಸ್‌ನಲ್ಲಿ 2 ಎಚ್‌ಪಿ ಗರಗಸ ಸುಮಾರು 10ರಿಂದ 11 ಆಂಪಿಯರ್, 1 ಎಚ್‌ಪಿ ಡಸ್ಟ್ ಕಲೆಕ್ಟರ್ ಸುಮಾರು 6 ಆಂಪಿಯರ್ ಎಳೆಯುತ್ತವೆ. ಎರಡೂ ಸೇರಿದರೆ 16 ಆಂಪಿಯರ್ ಸಾಕೆಟ್ಟಿನ ಮಿತಿ ಅಲ್ಲಿಗೇ ಮುಗಿಯಿತು, 6 ಆಂಪಿಯರ್ ಎಕ್ಸ್‌ಟೆನ್ಷನ್ ಬೋರ್ಡಿನ ಮಾತೇ ಬೇಡ.

ಇದು ಓಡುವಾಗಿನ ಲೆಕ್ಕ. ಶುರುವಾಗುವ ಕ್ಷಣದಲ್ಲಿ ಮೋಟರ್ ಇದರ ಐದಾರು ಪಟ್ಟು ಎಳೆಯುತ್ತದೆ. ಗರಗಸವೊಂದೇ 60 ಆಂಪಿಯರ್ ದಾಟಬಹುದು, ಎರಡನ್ನೂ ಒಂದೇ ಕ್ಷಣ ಶುರು ಮಾಡಿದರೆ 90ರ ಹತ್ತಿರ ಹೋಗುತ್ತದೆ. ಎಂಸಿಬಿ (ಕರೆಂಟ್ ಮಿತಿ ಮೀರಿದರೆ ತಾನೇ ಬಿದ್ದು ಲೈನ್ ಕಡಿಯುವ ಸ್ವಿಚ್) ಬೀಳುತ್ತಿದೆ ಎಂದು ದೂರುವವರಲ್ಲಿ ಹೆಚ್ಚಿನವರ ಸಮಸ್ಯೆ ಇದೇ. ಅವರು ಎಂಸಿಬಿಯನ್ನು ದೊಡ್ಡದು ಮಾಡುತ್ತಾರೆ, ತಂತಿ ಮಾತ್ರ ಹಳೆಯದೇ ಉಳಿಯುತ್ತದೆ. ಆಗ ಬೀಳಬೇಕಾದ ಎಂಸಿಬಿ ಬೀಳದೆ ತಂತಿಯೇ ಬಿಸಿಯೇರುತ್ತದೆ. ಸರಿಯಾದ ಪರಿಹಾರವೆಂದರೆ ಎರಡು ಮೋಟರುಗಳ ಆರಂಭದ ನಡುವೆ ಎರಡು ಸೆಕೆಂಡಿನ ಅಂತರ ಇಡುವುದು.

ಮೇಲಿನ ಅಳತೆಯ ಯಂತ್ರಗಳಿಗೆ ಮೀಟರ್ ಬೋರ್ಡಿನಿಂದ ಶೆಡ್ಡಿನ ಪ್ಯಾನೆಲ್‌ವರೆಗೆ 4 ಚದರ ಮಿಲಿಮೀಟರ್ ತಾಮ್ರದ ತಂತಿ ಮತ್ತು 25 ಆಂಪಿಯರ್ ಸಿ ಬಗೆಯ ಎಂಸಿಬಿ ಬೇಕು. ಪ್ಯಾನೆಲ್‌ನಿಂದ ಮುಂದೆ ಗರಗಸಕ್ಕೆ 16 ಆಂಪಿಯರ್, ಡಸ್ಟ್ ಕಲೆಕ್ಟರ್‌ಗೆ 10 ಆಂಪಿಯರ್ ಎಂದು ಬೇರೆ ಬೇರೆ ಎಂಸಿಬಿ ಇರಲಿ. ಶೆಡ್ 30 ಮೀಟರ್ ದೂರವಿದ್ದರೆ, ಗರಗಸ ಶುರುವಾಗುವ ಕ್ಷಣದಲ್ಲಿ ಈ ತಂತಿಯೊಂದರಲ್ಲೇ ಸುಮಾರು 20 ವೋಲ್ಟ್ ಇಳಿಯುತ್ತದೆ. ಬೇಸಿಗೆಯ ಸಂಜೆ ಮೀಟರಿಗೆ ಬರುವುದೇ 200 ವೋಲ್ಟ್ ಆದರೆ ಯಂತ್ರಕ್ಕೆ ತಲುಪುವುದು 180 ಮಾತ್ರ. ಅಂಥ ಕಡೆ 6 ಚದರ ಮಿಲಿಮೀಟರ್ ತಂತಿಯನ್ನೇ ಎಳೆಸಿ. ಈ 180ರ ಲೆಕ್ಕವನ್ನು ನೆನಪಿಟ್ಟುಕೊಳ್ಳಿ, ಮುಂದೆ ಮತ್ತೆ ಬೇಕಾಗುತ್ತದೆ.

ಜೊತೆಗೆ ನಿಮ್ಮ ಮಂಜೂರಾದ ಲೋಡ್ ಎಷ್ಟೆಂದು ಕರೆಂಟ್ ಬಿಲ್ಲಿನಲ್ಲಿ ನೋಡಿ, ಕಡಿಮೆಯಿದ್ದರೆ ನಮ್ಮ ಭಾಗದ ವಿದ್ಯುತ್ ಕಂಪನಿಯಾದ ಜೆಸ್ಕಾಂನ ಉಪವಿಭಾಗದಲ್ಲಿ ಹೆಚ್ಚಿಸಿಕೊಳ್ಳಿ.

## 3. ನಿಮ್ಮ ಕೆಲಸಕ್ಕೆ ತಕ್ಕ ವಿಧಾನ

ಸ್ಯಾಂಡರ್, ರೌಟರ್, ಕೈಗರಗಸದಂತಹ ಕೈಯಂತ್ರಗಳನ್ನಷ್ಟೇ ಬಳಸುವವರಿಗೆ, ಮೈಮೇಲೆಯೇ ಟೂಲ್ ಸಾಕೆಟ್ ಇರುವ ವರ್ಕ್‌ಶಾಪ್ ವ್ಯಾಕ್ಯೂಮ್ ಸಾಕು. ಕೈಯಂತ್ರದ ಪ್ಲಗ್ಗನ್ನು ಅದಕ್ಕೆ ಸಿಕ್ಕಿಸಿದರೆ, ಟ್ರಿಗರ್ ಒತ್ತಿದಾಗ ಹರಿಯುವ ಕರೆಂಟನ್ನು ಗುರುತಿಸಿ ವ್ಯಾಕ್ಯೂಮ್ ಶುರುವಾಗುತ್ತದೆ, ಟ್ರಿಗರ್ ಬಿಟ್ಟ ಮೇಲೆ ಕೆಲವು ಸೆಕೆಂಡು ಓಡಿ ನಿಲ್ಲುತ್ತದೆ. ಆ ಸಾಕೆಟ್ಟಿನ ಪಕ್ಕದಲ್ಲಿ ಮುದ್ರಿಸಿರುವ ವ್ಯಾಟ್ ಮಿತಿಯನ್ನು ಮೀರಬಾರದು. ಕಿನ್ನಾಳದ ಬೊಂಬೆ ಕೆಲಸದಂತೆ ಹಗುರ ಮರವನ್ನು ನಯವಾಗಿ ಉಜ್ಜುವವರಿಗೆ ಇದೇ ಒಳ್ಳೆಯದು, ಏಕೆಂದರೆ ಅವರ ಧೂಳು ಅತಿ ಸಣ್ಣದು ಮತ್ತು ಡಸ್ಟ್ ಕಲೆಕ್ಟರಿನ ದೊಡ್ಡ ಚೀಲದ ಬಟ್ಟೆಯಿಂದ ಸೋರಿ ಹೊರಬರುತ್ತದೆ. ಸಣ್ಣ ಧೂಳೇ ಶ್ವಾಸಕೋಶದ ಆಳಕ್ಕೆ ಇಳಿಯುವುದು. ಮರದ ಧೂಳನ್ನು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 1995ರಲ್ಲಿಯೇ ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತುಗಳ ಪಟ್ಟಿಗೆ ಸೇರಿಸಿದೆ.

ಮೊಬೈಲ್‌ನಿಂದ ನಡೆಸುವ ಸ್ಮಾರ್ಟ್ ಪ್ಲಗ್‌ಗಳನ್ನು ಮೋಟರಿಗೆ ಬಳಸಬೇಡಿ. ಅವುಗಳ ಮೇಲೆ 16 ಆಂಪಿಯರ್ ಎಂದಿದ್ದರೂ ಅದು ಸಾಮಾನ್ಯವಾಗಿ ಹೀಟರಿನಂತಹ ಲೋಡಿಗೆ ಹೇಳಿದ್ದು. ಒಳಗಿನ ಪುಟ್ಟ ರಿಲೇಯ ಸಂಪರ್ಕಗಳು ಮೋಟರಿನ ಆರಂಭದ ಕರೆಂಟಿಗೆ ಬೆಸೆದುಕೊಂಡರೆ, ಮೊಬೈಲಿನಲ್ಲಿ ಆಫ್ ಎಂದು ಕಾಣುತ್ತಿದ್ದರೂ ಯಂತ್ರ ಓಡುತ್ತಲೇ ಇರುತ್ತದೆ.

ಮೇಜಿನ ಗರಗಸ, ರಂದಾ ಮಷಿನ್, ಎರಡು ಚೀಲದ ಡಸ್ಟ್ ಕಲೆಕ್ಟರ್ ಇರುವ ಶೆಡ್ಡಿಗೆ ಕಾಂಟ್ಯಾಕ್ಟರ್ (ಒಳಗಿನ ಕಾಯಿಲಿಗೆ ಕರೆಂಟ್ ಕೊಟ್ಟಾಗ ಅಯಸ್ಕಾಂತದ ಬಲದಿಂದ ಎಳೆದುಕೊಂಡು ಮೋಟರಿನ ಲೈನ್ ಕೂಡಿಸುವ ಸ್ವಿಚ್) ಮತ್ತು ಟೈಮರಿನ ವ್ಯವಸ್ಥೆಯೇ ಸರಿ. ಇನ್ನು ಮುಂದಿನದೆಲ್ಲ ಅದರ ಕುರಿತೇ.

## 4. ಬೇಕಾಗುವ ಸಾಮಾನು

ಗರಗಸಕ್ಕೆ ಒಂದು ಡಿಒಎಲ್ ಸ್ಟಾರ್ಟರ್, ಅಂದರೆ ಕಾಂಟ್ಯಾಕ್ಟರ್, ಮೋಟರ್ ಮಿತಿಗಿಂತ ಹೆಚ್ಚು ಕರೆಂಟ್ ಎಳೆದರೆ ಅದನ್ನು ನಿಲ್ಲಿಸುವ ಓವರ್‌ಲೋಡ್ ರಿಲೇ, ಹಸಿರು ಮತ್ತು ಕೆಂಪು ಬಟನ್‌ಗಳು. ಡಸ್ಟ್ ಕಲೆಕ್ಟರ್‌ಗೆ ಇನ್ನೊಂದು ಕಾಂಟ್ಯಾಕ್ಟರ್ ಮತ್ತು ಓವರ್‌ಲೋಡ್ ರಿಲೇ. ಗರಗಸದ ಕಾಂಟ್ಯಾಕ್ಟರಿಗೆ ಮೇಲೆ ಕೂರಿಸುವ ಹೆಚ್ಚುವರಿ ಸಂಪರ್ಕದ ಬ್ಲಾಕ್. ಒಂದು ಆನ್ ಡಿಲೇ ಟೈಮರ್, ಒಂದು ಆಫ್ ಡಿಲೇ ಟೈಮರ್. ಕರೆಂಟ್ ಮೈಗೋ ನೆಲಕ್ಕೋ ಸೋರಿದರೆ ಲೈನ್ ಕಡಿಯುವ 30 ಮಿಲಿ ಆಂಪಿಯರ್ ಆರ್‌ಸಿಸಿಬಿ, ಮೇಲೆ ಹೇಳಿದ ಎಂಸಿಬಿಗಳು, ಫೇಸ್ ಮತ್ತು ನ್ಯೂಟ್ರಲ್ ಎರಡನ್ನೂ ಕಡಿಯುವ ಮುಖ್ಯ ಸ್ವಿಚ್, ಒತ್ತಿದರೆ ಒಳಗೇ ಕಚ್ಚಿಕೊಳ್ಳುವ ಅಣಬೆಯಾಕಾರದ ಎಮರ್ಜೆನ್ಸಿ ಬಟನ್, ಧೂಳು ಒಳಹೋಗದಂತೆ ರಬ್ಬರ್ ಪಟ್ಟಿಯಿರುವ ಪ್ಯಾನೆಲ್ ಡಬ್ಬಿ.

ಅಂಗಡಿಯಲ್ಲಿ ಮೂರು ತಪ್ಪುಗಳು ಆಗುತ್ತವೆ. ಮೊದಲನೆಯದು ಕಾಯಿಲ್. ತ್ರೀ ಫೇಸ್ ಪಂಪ್‌ಸೆಟ್ಟಿನ ಕಾಂಟ್ಯಾಕ್ಟರಿನಲ್ಲಿ ಸಾಮಾನ್ಯವಾಗಿ 415 ವೋಲ್ಟ್ ಕಾಯಿಲ್ ಇರುತ್ತದೆ; ಅದನ್ನು ಸಿಂಗಲ್ ಫೇಸ್‌ಗೆ ಕೊಟ್ಟರೆ ಎಳೆದುಕೊಳ್ಳುವುದಿಲ್ಲ. 240 ವೋಲ್ಟ್ ಕಾಯಿಲನ್ನು ಎರಡು ಫೇಸ್‌ಗಳ ನಡುವೆ ಕೊಟ್ಟರೆ ಸುಟ್ಟುಹೋಗುತ್ತದೆ. ಕಾಯಿಲಿನ ಮೇಲೆ ಬರೆದದ್ದನ್ನು ಓದಿಯೇ ಕೊಳ್ಳಿ. ಎರಡನೆಯದು ಕಾಂಟ್ಯಾಕ್ಟರಿನ ಅಳತೆ. ಒಂದೇ ಕಾಂಟ್ಯಾಕ್ಟರಿನ ಮೇಲೆ ಎಸಿ-1 ಎಂದೂ ಎಸಿ-3 ಎಂದೂ ಎರಡು ಆಂಪಿಯರ್ ಇರುತ್ತವೆ; ಮೋಟರಿಗೆ ಸಲ್ಲುವುದು ಚಿಕ್ಕದಾಗಿರುವ ಎಸಿ-3 ಅಂಕಿ. ಮೇಲಿನ ಗರಗಸಕ್ಕೆ ಎಸಿ-3ರಲ್ಲಿ 18 ಆಂಪಿಯರ್, ಡಸ್ಟ್ ಕಲೆಕ್ಟರ್‌ಗೆ 9 ಅಥವಾ 12 ಆಂಪಿಯರಿನದು ಸಾಕು. ಮೂರನೆಯದು ಟೈಮರ್. ಆಫ್ ಡಿಲೇ ಬೇಕಾದಲ್ಲಿ ಆನ್ ಡಿಲೇಯದನ್ನೇ ಎರಡು ಕೊಂಡುಬರುವವರಿದ್ದಾರೆ. ಆನ್ ಡಿಲೇ ಟೈಮರ್ ಕರೆಂಟ್ ಬಂದ ಮೇಲೆ ಕಾಯ್ದು ಕೂಡಿಸುತ್ತದೆ, ಆಫ್ ಡಿಲೇ ಟೈಮರ್ ಸೂಚನೆ ಹೋದ ಮೇಲೆ ಕಾಯ್ದು ಬಿಡಿಸುತ್ತದೆ.

## 5. ವೈರಿಂಗ್

ಪ್ಯಾನೆಲ್ ಕಟ್ಟುವುದನ್ನು ಮತ್ತು ಮೀಟರಿನಿಂದ ಲೈನ್ ಎಳೆಯುವುದನ್ನು ವಿದ್ಯುತ್ ಪರಿವೀಕ್ಷಣಾಲಯದ ಪರವಾನಗಿ ಇರುವ ವೈರ್‌ಮನ್ ಅಥವಾ ಗುತ್ತಿಗೆದಾರರಿಂದಲೇ ಮಾಡಿಸಿ. ಈ ವಿವರಣೆ ಇರುವುದು ಅವರೊಂದಿಗೆ ಕುಳಿತು ಏನು ಬೇಕೆಂದು ಹೇಳಲು, ಮುಗಿದ ಮೇಲೆ ಸರಿಯಾಗಿದೆಯೇ ಎಂದು ಪರೀಕ್ಷಿಸಲು. ಡಬ್ಬಿ ತೆರೆಯುವ ಮೊದಲು ಮುಖ್ಯ ಸ್ವಿಚ್ ಆಫ್ ಮಾಡಿ ಬೀಗ ಹಾಕಿ, ಕೀಲಿಯನ್ನು ಕೆಲಸ ಮಾಡುವವನ ಜೇಬಿನಲ್ಲಿಡಿ. ಟೆಸ್ಟರಿನ ಪುಟ್ಟ ದೀಪ ಹೊತ್ತಲಿಲ್ಲವೆಂದು ಕರೆಂಟ್ ಇಲ್ಲವೆಂದುಕೊಳ್ಳಬೇಡಿ. ಮಲ್ಟಿಮೀಟರಿನಿಂದ ಮೊದಲು ಕರೆಂಟ್ ಇರುವ ಸಾಕೆಟ್ ನೋಡಿ, ನಂತರ ಪ್ಯಾನೆಲ್ ನೋಡಿ, ಮತ್ತೆ ಅದೇ ಸಾಕೆಟ್ ನೋಡಿ. ಆಗ ಮೀಟರೇ ಕೆಟ್ಟಿಲ್ಲವೆಂಬುದೂ ಖಚಿತವಾಗುತ್ತದೆ.

ಗರಗಸದ ಕಂಟ್ರೋಲ್ ಲೈನ್ ಹೀಗೆ ಸಾಗಬೇಕು (ಇಲ್ಲಿನ ಎ1, 95-96ರಂತಹ ಗುರುತುಗಳು ಆಯಾ ಸಾಧನದ ಮೈಮೇಲೆ ಮುದ್ರಿಸಿರುವ ತುದಿಗಳ ಹೆಸರು): ಫೇಸ್ ಮೊದಲು ಎಮರ್ಜೆನ್ಸಿ ಬಟನ್ನಿಗೆ, ಅಲ್ಲಿಂದ ಓವರ್‌ಲೋಡ್ ರಿಲೇಯ 95-96 ಸಂಪರ್ಕಕ್ಕೆ, ಅಲ್ಲಿಂದ ಕೆಂಪು ಬಟನ್ನಿಗೆ, ಅಲ್ಲಿಂದ ಹಸಿರು ಬಟನ್ನಿಗೆ, ಕೊನೆಗೆ ಕಾಯಿಲಿನ ಎ1ಕ್ಕೆ. ಎ2 ನ್ಯೂಟ್ರಲ್‌ಗೆ. ಹಸಿರು ಬಟನ್ನಿಗೆ ಸಮಾಂತರವಾಗಿ ಕಾಂಟ್ಯಾಕ್ಟರಿನ 13-14 ಸಂಪರ್ಕವನ್ನು ಜೋಡಿಸಬೇಕು. ಬಟನ್ ಬಿಟ್ಟ ಮೇಲೂ ಕಾಂಟ್ಯಾಕ್ಟರ್ ಎಳೆದುಕೊಂಡೇ ಇರುವುದು ಈ ಸಂಪರ್ಕದಿಂದ. ಕರೆಂಟ್ ಹೋದಾಗ ಅದು ಬಿಟ್ಟುಕೊಳ್ಳುತ್ತದೆ, ಕರೆಂಟ್ ಬಂದಾಗ ಯಾರಾದರೂ ಹಸಿರು ಬಟನ್ ಒತ್ತದೆ ಮತ್ತೆ ಎಳೆದುಕೊಳ್ಳಲಾರದು. ನನ್ನ ಶೆಡ್ಡಿನ ಆ ಮಧ್ಯಾಹ್ನ ಇದ್ದಿರಬೇಕಾಗಿದ್ದದ್ದು ಇಷ್ಟೇ. ಹಸಿರು ಬಟನ್ನಿನ ಜಾಗದಲ್ಲಿ ಮನೆಯ ದೀಪದ ಸ್ವಿಚ್ಚನ್ನು ಹಾಕಿದರೆ ಈ ರಕ್ಷಣೆ ಪೂರ್ತಿ ಹೋಯಿತು, ಕಾಂಟ್ಯಾಕ್ಟರ್ ಇದ್ದೂ ಇಲ್ಲದಂತೆ.

ಈಗ ಎರಡನ್ನೂ ಬೆಸೆಯುವ ಭಾಗ. ಗರಗಸದ ಕಾಂಟ್ಯಾಕ್ಟರಿನ ಹೆಚ್ಚುವರಿ ಸಂಪರ್ಕದ ಮೂಲಕ ಆನ್ ಡಿಲೇ ಟೈಮರಿನ ಎ1ಕ್ಕೆ ಕರೆಂಟ್ ಕೊಡಿ. ಆ ಟೈಮರಿನ 15-18 ಸಂಪರ್ಕವು ಆಫ್ ಡಿಲೇ ಟೈಮರಿಗೆ ಸೂಚನೆ ಕೊಡಬೇಕು. ಆಫ್ ಡಿಲೇ ಟೈಮರಿನ ಎ1 ಮತ್ತು ಎ2ಗೆ ಎಮರ್ಜೆನ್ಸಿ ಬಟನ್ನಿನ ನಂತರದ ಕರೆಂಟ್ ಸದಾ ಇರಬೇಕು, ಸೂಚನೆಗೆ ಬೇರೆಯೇ ತುದಿ ಇರುತ್ತದೆ. ಆ ತುದಿಯ ಹೆಸರು ಕಂಪನಿಯಿಂದ ಕಂಪನಿಗೆ ಬೇರೆಯಾದ್ದರಿಂದ ಟೈಮರಿನ ಮೈಮೇಲೆ ಮುದ್ರಿಸಿದ ಚಿತ್ರವನ್ನೇ ಅನುಸರಿಸಿ. ಇದರ 15-18 ಸಂಪರ್ಕದಿಂದ ಹೊರಟ ಫೇಸ್, ಡಸ್ಟ್ ಕಲೆಕ್ಟರಿನ ಓವರ್‌ಲೋಡ್ ರಿಲೇಯ 95-96 ದಾಟಿ, ಅದರ ಕಾಂಟ್ಯಾಕ್ಟರಿನ ಕಾಯಿಲಿಗೆ ಹೋಗುತ್ತದೆ. ಅದೇ ರಿಲೇಯ 97-98ಕ್ಕೆ ಒಂದು ಕೆಂಪು ದೀಪ ಹಾಕಿ, ಗರಗಸದ ಎದುರು ಕಾಣುವಂತೆ ಕೂರಿಸಿ. ಡಸ್ಟ್ ಕಲೆಕ್ಟರ್ ನಿಂತರೆ ಗರಗಸವೂ ತಾನೇ ನಿಲ್ಲುವಂತೆ ಕೆಲವರು ಮಾಡಿಸುತ್ತಾರೆ. ಅರ್ಧ ಕೊಯ್ದ ಹಲಗೆಯ ನಡುವೆ ಬ್ಲೇಡ್ ಏಕಾಏಕಿ ನಿಂತು ಕಚ್ಚಿಕೊಳ್ಳುವುದಕ್ಕಿಂತ, ದೀಪ ನೋಡಿ ಕೊಯ್ತ ಮುಗಿಸಿ ನಿಲ್ಲಿಸುವುದು ಮೇಲೆಂದು ನನ್ನ ಅಭಿಪ್ರಾಯ.

ವೈರ್‌ಮನ್‌ಗಳೂ ಮರೆಯುವ ಮೂರು ಸಂಗತಿಗಳಿವೆ. ಸಿಂಗಲ್ ಫೇಸ್ ಮೋಟರಿಗೆ ಮೂರು ಕಂಬದ (ಪೋಲ್, ಅಂದರೆ ಕರೆಂಟ್ ಹರಿಯುವ ದಾರಿ) ಓವರ್‌ಲೋಡ್ ರಿಲೇ ಹಾಕಿದಾಗ, ಮೂರು ಕಂಬಗಳಲ್ಲಿಯೂ ಕರೆಂಟ್ ಹರಿಯುವಂತೆ ತಂತಿಯನ್ನು ಸುತ್ತಿಸಬೇಕು. ಒಂದು ಕಂಬ ಖಾಲಿ ಉಳಿದರೆ ರಿಲೇ ಅದನ್ನು ಫೇಸ್ ಹೋದಂತೆ ಭಾವಿಸಿ ಕಾರಣವಿಲ್ಲದೆ ಬೀಳುತ್ತದೆ. ಆರ್‌ಸಿಸಿಬಿಯ ಮೂಲಕ ಹೋದ ಫೇಸ್‌ಗೆ ಅದೇ ಆರ್‌ಸಿಸಿಬಿಯ ನ್ಯೂಟ್ರಲ್ಲನ್ನೇ ಬಳಸಬೇಕು. ಪಕ್ಕದ ಲೈನಿನ ನ್ಯೂಟ್ರಲ್ ತಂದರೆ ಯಂತ್ರ ಶುರುವಾಗುತ್ತಲೇ ಬೀಳುತ್ತದೆ, ಆಗ ಜನ ಆರ್‌ಸಿಸಿಬಿಯನ್ನೇ ಕಿತ್ತುಹಾಕುತ್ತಾರೆ. ಮೂರನೆಯದು ಎಲ್ಲಕ್ಕಿಂತ ಅಪಾಯಕಾರಿ: ಗರಗಸ ಒಂದು ಫೇಸ್‌ನಲ್ಲಿ, ಡಸ್ಟ್ ಕಲೆಕ್ಟರ್ ಇನ್ನೊಂದು ಫೇಸ್‌ನಲ್ಲಿ ಇದ್ದು, ಎರಡಕ್ಕೂ ಬೇರೆ ಬೇರೆ ಮುಖ್ಯ ಸ್ವಿಚ್ ಇದ್ದರೆ, ಒಂದನ್ನು ಆಫ್ ಮಾಡಿ ಡಬ್ಬಿಗೆ ಕೈ ಹಾಕಿದವನಿಗೆ ಇನ್ನೊಂದರ ಕರೆಂಟ್ ಕಾಯುತ್ತಿರುತ್ತದೆ. ಒಂದೇ ಮುಖ್ಯ ಸ್ವಿಚ್ ಎಲ್ಲವನ್ನೂ ಕಡಿಯುವಂತಿರಬೇಕು.

ಎರಡೂ ಮೋಟರುಗಳ ಮೈಗೆ ಅರ್ಥಿಂಗ್ ತಂತಿ ಕಡ್ಡಾಯ. ಕೊಪ್ಪಳದ ಕಲ್ಲುನೆಲದಲ್ಲಿ ಅರ್ಥಿಂಗ್ ಗುಂಡಿ ಬೇಸಿಗೆಗೆ ಬೇಗ ಒಣಗುತ್ತದೆ. ಅದಕ್ಕೆ ನೀರು ಹಾಕುವುದನ್ನು ವಾರದ ಕೆಲಸವಾಗಿ ಇಟ್ಟುಕೊಳ್ಳಿ.

## 6. ಟೈಮರುಗಳ ಹೊಂದಾಣಿಕೆ

ಆನ್ ಡಿಲೇಯನ್ನು 2 ಸೆಕೆಂಡಿಗೆ ಇಡಿ. ಅಷ್ಟರಲ್ಲಿ ಬ್ಲೇಡ್ ವೇಗ ಹಿಡಿದು ಆರಂಭದ ಕರೆಂಟ್ ಇಳಿದಿರುತ್ತದೆ. ಧೂಳು ಹಾರುವುದು ಹಲಗೆ ತಾಗಿದ ಮೇಲಾದ್ದರಿಂದ, ಡಸ್ಟ್ ಕಲೆಕ್ಟರಿನ ಸದ್ದು ಕೇಳುವವರೆಗೆ ಹಲಗೆ ಒತ್ತಬಾರದೆಂದು ಎಲ್ಲರಿಗೂ ರೂಢಿ ಮಾಡಿಸಿ.

ಆಫ್ ಡಿಲೇಗೆ ಅಂದಾಜು ಬೇಡ. ಗರಗಸವನ್ನು ಆಫ್ ಮಾಡಿ ಬ್ಲೇಡ್ ಪೂರ್ತಿ ನಿಲ್ಲಲು ಎಷ್ಟು ಸೆಕೆಂಡು ಬೇಕೆಂದು ಗಡಿಯಾರ ಹಿಡಿದು ನೋಡಿ, ಅದಕ್ಕೆ 5ರಿಂದ 10 ಸೆಕೆಂಡು ಸೇರಿಸಿ. ಮರದ ಹೊಟ್ಟನ್ನು ಸಾಗಿಸುವ ಪೈಪಿನಲ್ಲಿ ಗಾಳಿ ಸೆಕೆಂಡಿಗೆ ಸುಮಾರು 20 ಮೀಟರ್ ವೇಗದಲ್ಲಿರಬೇಕು; ಹಾಗಿದ್ದರೆ ಶೆಡ್ಡಿನ ಹತ್ತು ಹದಿನೈದು ಮೀಟರ್ ಪೈಪ್ ಖಾಲಿಯಾಗಲು ಇಷ್ಟು ಸಮಯ ಧಾರಾಳ. ಆದರೆ ಸಣ್ಣ ತುಂಡುಗಳನ್ನು ಮೇಲಿಂದ ಮೇಲೆ ಕೊಯ್ಯುವ ದಿನ ಇದನ್ನು ಒಂದು ನಿಮಿಷಕ್ಕೆ ಏರಿಸಿ. ಅರ್ಧ ನಿಮಿಷಕ್ಕೊಮ್ಮೆ ನಿಂತು ಶುರುವಾದರೆ ಸಿಂಗಲ್ ಫೇಸ್ ಮೋಟರಿನ ಸ್ಟಾರ್ಟಿಂಗ್ ಕೆಪಾಸಿಟರ್ ಬಿಸಿಯಾಗಿ ಬೇಗ ಹಾಳಾಗುತ್ತದೆ.

## 7. ಬ್ಲೇಡ್ ಇಲ್ಲದೆ ಪರೀಕ್ಷೆ

ಬ್ಲೇಡನ್ನು ಬಿಚ್ಚಿಟ್ಟು ಈ ಪರೀಕ್ಷೆಗಳನ್ನು ಇದೇ ಕ್ರಮದಲ್ಲಿ ಮಾಡಿ. ಮೊದಲು ಆರ್‌ಸಿಸಿಬಿಯ ಟೆಸ್ಟ್ ಬಟನ್ ಒತ್ತಿ, ಕೂಡಲೇ ಬೀಳಬೇಕು. ನಂತರ ಗರಗಸ ಶುರು ಮಾಡಿ ಡಸ್ಟ್ ಕಲೆಕ್ಟರ್ 2 ಸೆಕೆಂಡಿಗೆ ಹಿಂಬಾಲಿಸುವುದನ್ನು, ನಿಲ್ಲಿಸಿ ಅದು ಹೊಂದಿಸಿದ ಹೊತ್ತಿಗೆ ನಿಲ್ಲುವುದನ್ನು ನೋಡಿ. ಎರಡೂ ಓಡುತ್ತಿರುವಾಗ ಮುಖ್ಯ ಸ್ವಿಚ್ ಆಫ್ ಮಾಡಿ, ಅರ್ಧ ನಿಮಿಷ ಬಿಟ್ಟು ಆನ್ ಮಾಡಿ. ಎರಡರಲ್ಲಿ ಯಾವುದೊಂದು ಶುರುವಾದರೂ ವೈರಿಂಗ್ ತಪ್ಪಾಗಿದೆ, ಬ್ಲೇಡ್ ಹಾಕಬೇಡಿ. ಕೊನೆಗೆ ಎಮರ್ಜೆನ್ಸಿ ಬಟನ್ ಒತ್ತಿ. ಎರಡೂ ನಿಲ್ಲಬೇಕು, ಬಟನ್ ಬಿಡಿಸಿದಾಗಲೂ ನಿಂತೇ ಇರಬೇಕು. ಕರೆಂಟ್ ಹೋಗಿ ಬರುವ ಪರೀಕ್ಷೆಯನ್ನು ತಿಂಗಳಿಗೊಮ್ಮೆ ಮತ್ತೆ ಮಾಡಿ, ಏಕೆಂದರೆ ಸವೆದ ಕಾಂಟ್ಯಾಕ್ಟರ್ ಬೆಸೆದುಕೊಂಡಿದ್ದರೆ ಸಿಕ್ಕಿಬೀಳುವುದು ಇಲ್ಲಿಯೇ.

ಮೇಜಿನಡಿ ಬಿಗಿದ ಕೈಗರಗಸವಾದರೆ, ಟ್ರಿಗರ್ ಕಟ್ಟಿದ್ದರೂ ಕರೆಂಟ್ ಬರುವುದು ಈ ಸ್ಟಾರ್ಟರ್ ಮೂಲಕ ಮಾತ್ರ ಆಗಿರಬೇಕು, ಮತ್ತು ಆ ಪ್ಲಗ್ಗನ್ನು ಬೇರೆ ಸಾಕೆಟ್ಟಿಗೆ ಯಾರೂ ಸಿಕ್ಕಿಸದಂತೆ ತಂತಿಯನ್ನು ನೇರವಾಗಿ ಪ್ಯಾನೆಲ್‌ಗೆ ಕೂಡಿಸಬೇಕು. ಬ್ಲೇಡ್ ಬದಲಿಸುವಾಗ ಕೆಂಪು ಬಟನ್ ಸಾಲದು, ಮುಖ್ಯ ಸ್ವಿಚ್ ಆಫ್ ಮಾಡಿ ಬೀಗ ಹಾಕಲೇಬೇಕು. ಡಸ್ಟ್ ಕಲೆಕ್ಟರಿನ ಚೀಲ ಬಿಚ್ಚುವಾಗಲೂ, ಪೈಪಿನಲ್ಲಿ ಸಿಕ್ಕಿದ ತುಂಡು ತೆಗೆಯುವಾಗಲೂ ಇದೇ ನಿಯಮ. ಅದರ ಫ್ಯಾನಿನ ಎಲೆಗಳೂ ಬೆರಳು ಕತ್ತರಿಸಬಲ್ಲವು, ಮತ್ತು ಅದು ತಾನಾಗಿ ಶುರುವಾಗುವ ಯಂತ್ರ.

## 8. ಕಿಡಿ ಮತ್ತು ಬೆಂಕಿ

ನಮ್ಮ ಭಾಗದ ಎಷ್ಟೋ ಶೆಡ್‌ಗಳಲ್ಲಿ ಒಂದೇ ಮಾಡಿನಡಿ ಬಡಿಗತನವೂ ವೆಲ್ಡಿಂಗೂ ನಡೆಯುತ್ತವೆ. ಕಬ್ಬಿಣ ಉಜ್ಜುವ ಗ್ರೈಂಡರನ್ನು ಮರದ ಡಸ್ಟ್ ಕಲೆಕ್ಟರ್‌ಗೆ ಎಂದಿಗೂ ಜೋಡಿಸಬೇಡಿ. ಚೀಲದೊಳಗೆ ಸಣ್ಣ ಹೊಟ್ಟಿದೆ, ಗಾಳಿಯಿದೆ; ಕೊರತೆಯಿರುವುದು ಕಿಡಿಯೊಂದಕ್ಕೇ. ಕಿಡಿ ಬಿದ್ದ ಹೊಟ್ಟು ಕೂಡಲೇ ಉರಿಯದೆ ಗಂಟೆಗಟ್ಟಲೆ ಒಳಗೊಳಗೇ ಕನಲಿ, ಶೆಡ್ ಮುಚ್ಚಿ ಮನೆಗೆ ಹೋದ ಮೇಲೆ ಹೊತ್ತಿಕೊಳ್ಳುತ್ತದೆ. ಹಳೆಯ ಮನೆ ಕೆಡವಿದ ಸಾಗವಾನಿ ತೊಲೆ, ಬಾಗಿಲುಗಳನ್ನು ಕೊಯ್ಯುವವರು ಮೊಳೆಗಳನ್ನೆಲ್ಲ ಮೊದಲೇ ಕೀಳಬೇಕು. ತುಂಡಾದ ಮೊಳೆ ಪೈಪಿನಲ್ಲಿ ಸಾಗಿ ಕಬ್ಬಿಣದ ಫ್ಯಾನಿಗೆ ಬಡಿದರೆ ಅಲ್ಲಿಯೂ ಕಿಡಿಯೇ. ಚೀಲವನ್ನು ಪ್ರತಿ ಸಂಜೆ ಖಾಲಿ ಮಾಡಿ, ಹೊಟ್ಟನ್ನು ಮುಚ್ಚಳವಿರುವ ಕಬ್ಬಿಣದ ಡ್ರಮ್ಮಿನಲ್ಲಿ ಶೆಡ್ಡಿನ ಹೊರಗಿಡಿ.

ಪಿವಿಸಿ ಪೈಪಿನಲ್ಲಿ ಹೊಟ್ಟು ಹರಿಯುವಾಗ, ವಿಶೇಷವಾಗಿ ನಮ್ಮ ಒಣ ಹವೆಯಲ್ಲಿ, ಪೈಪಿನ ಮೈಗೆ ಸ್ಥಿರ ವಿದ್ಯುತ್ ಸೇರಿ ಮುಟ್ಟಿದವನಿಗೆ ಚುರುಕ್ಕೆನ್ನುತ್ತದೆ. ಗರಗಸದ ಬಳಿ ಬೆಚ್ಚಿ ಕೈ ಎಳೆದುಕೊಳ್ಳುವುದೇ ಅಪಾಯ. ಬರಿಯ ತಾಮ್ರದ ತಂತಿಯನ್ನು ಪೈಪಿನುದ್ದಕ್ಕೂ ಸುತ್ತಿ, ಮೆತುಪೈಪಿನೊಳಗಿನ ಉಕ್ಕಿನ ಸುರುಳಿಯ ತುದಿಯನ್ನೂ ಸುಲಿದು, ಎರಡನ್ನೂ ಯಂತ್ರದ ಅರ್ಥಿಂಗ್‌ಗೆ ಕೂಡಿಸಿ.

## 9. ಎಚ್ಚರಿಕೆಯ ಲಕ್ಷಣಗಳು

ಕಾಂಟ್ಯಾಕ್ಟರ್ ಗರ್ರೆಂದು ನಡುಗುತ್ತಿದ್ದರೆ ಕೂಡಲೇ ಕೆಲಸ ನಿಲ್ಲಿಸಿ. ಕಾಯಿಲ್ ತನ್ನ ವೋಲ್ಟೇಜಿನ ಶೇಕಡಾ 85ರವರೆಗೆ ಸರಿಯಾಗಿ ಎಳೆದುಕೊಳ್ಳುವಂತೆ ಮಾಡಲ್ಪಟ್ಟಿರುತ್ತದೆ. 240 ವೋಲ್ಟ್ ಕಾಯಿಲಿಗೆ ಅದು 204. ಎರಡನೇ ಹಂತದ 180ರ ಲೆಕ್ಕ ಇಲ್ಲಿ ನೆನಪಾಗಲಿ: ಶುರುವಾಗುವ ಕ್ಷಣದಲ್ಲಿ ವೋಲ್ಟೇಜ್ ಕುಸಿದು ಕಾಂಟ್ಯಾಕ್ಟರ್ ಬಿಡಬಹುದು, ಬಿಟ್ಟೊಡನೆ ವೋಲ್ಟೇಜ್ ಏರುತ್ತದೆ, ಬೆರಳು ಬಟನ್ನಿನ ಮೇಲೇ ಇದ್ದರೆ ಮತ್ತೆ ಎಳೆಯುತ್ತದೆ. ಪ್ರತಿ ಸಲವೂ ಸಂಪರ್ಕಗಳ ನಡುವೆ ಕಿಡಿ ಹಾರಿ ಕೊನೆಗೆ ಅವು ಬೆಸೆದುಕೊಳ್ಳುತ್ತವೆ. ಬೆಸೆದ ಗರಗಸವನ್ನು ಕೆಂಪು ಬಟನ್ ನಿಲ್ಲಿಸಲಾರದು, ಎಮರ್ಜೆನ್ಸಿ ಬಟನ್ನೂ ನಿಲ್ಲಿಸಲಾರದು. ಮುಖ್ಯ ಸ್ವಿಚ್ ಒಂದೇ ದಾರಿ. ಆದ್ದರಿಂದ ಅದು ಗರಗಸದಿಂದ ನಾಲ್ಕು ಹೆಜ್ಜೆಯೊಳಗೆ, ಹಲಗೆಗಳ ರಾಶಿ ಅಡ್ಡ ಬಾರದ ಗೋಡೆಯಲ್ಲಿರಬೇಕು.

ಪ್ಲಗ್ ಅಥವಾ ತಂತಿ ಕೈಗೆ ಬಿಸಿ ತಾಗುವುದು, ಪ್ಲಾಸ್ಟಿಕ್ ಸುಟ್ಟ ವಾಸನೆ, ಗರಗಸ ಶುರುವಾದಾಗ ದೀಪಗಳು ಬಹಳ ಮಂಕಾಗುವುದು ಸಡಿಲ ಸ್ಕ್ರೂ ಅಥವಾ ಸಣ್ಣ ತಂತಿಯ ಗುರುತು. ಯಂತ್ರದ ನಡುಕಕ್ಕೆ ಸ್ಕ್ರೂಗಳು ಸಡಿಲುವುದು ಸಹಜ, ಆರು ತಿಂಗಳಿಗೊಮ್ಮೆ ಬಿಗಿಸಿ. ಓವರ್‌ಲೋಡ್ ರಿಲೇ ಬಿದ್ದರೆ ಅದರ ಗುಬ್ಬಿಯನ್ನು ತಿರುಗಿಸಿ ಆಂಪಿಯರ್ ಹೆಚ್ಚಿಸಬೇಡಿ, ಬ್ಲೇಡ್ ಮೊಂಡಾಗಿದೆಯೇ ನೋಡಿ. ಬಹಳ ಸಲ ಕಾರಣ ಅದೇ ಆಗಿರುತ್ತದೆ. ರಿಲೇಯನ್ನು ಆಟೋ ರಿಸೆಟ್‌ನಲ್ಲಿ ಇಡದೆ, ಕೈಯಿಂದಲೇ ಒತ್ತಿ ಕೂರಿಸುವಂತೆ ಮ್ಯಾನುಯಲ್‌ನಲ್ಲಿಡಿ. ಡಸ್ಟ್ ಕಲೆಕ್ಟರಿನ ಸದ್ದು ಏರಿ ಹೊಟ್ಟು ಮೇಜಿನ ಮೇಲೇ ಉಳಿಯತೊಡಗಿದರೆ ಪೈಪ್ ಕಟ್ಟಿದೆ ಅಥವಾ ಚೀಲ ತುಂಬಿದೆ. ಕೊಯ್ತ ಮುಗಿಸಿ, ಎರಡೂ ನಿಲ್ಲುವವರೆಗೆ ಕಾದು, ಮುಖ್ಯ ಸ್ವಿಚ್ಚಿಗೆ ಬೀಗ ಹಾಕಿ, ಆಮೇಲೆ ಪೈಪಿಗೆ ಕೈ ಹಾಕಿ.